ಹಗುರ ರೈಫಲ್ ಬ್ಯಾರೆಲ್ ಕೊಳ್ಳುವವರೇ, ಮೇಲೆ ಕೆತ್ತಿದ ನಂಬರ್ ನಂಬಬೇಡಿ

ಟೆಕ್ಸಾಸ್‌ನಲ್ಲಿ ಕಯೋಟಿ (ತೋಳದ ಜಾತಿಯ ಸಣ್ಣ ಪ್ರಾಣಿ) ಬೇಟೆಗೆ ಹೋಗುವ ನಮ್ಮವರು ಯಾರಾದರೂ ರೈಫಲ್ಲಿಗೆ ಕಾರ್ಬನ್ ಫೈಬರ್ ಬ್ಯಾರೆಲ್ ಆರ್ಡರ್ ಮಾಡುವ ಯೋಚನೆಯಲ್ಲಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ಆಮೇಲೆ ದುಡ್ಡು ಕೊಡಿ. ನನಗೆ 780 ಡಾಲರ್‌ಗೆ ಟೋಪಿ ಬಿದ್ದಿದೆ. ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಸುತ್ತಿರುವುದು ಆ ಅಂಗಡಿಯವನು ಕೊಟ್ಟ ಉತ್ತರಗಳು.

ಹಗುರ ಬ್ಯಾರೆಲ್ ಯಾಕೆ ಬೇಕು ಅಂತ ಈ ಬೇಟೆ ಮಾಡುವವರಿಗೆ ನಾನು ಹೇಳಬೇಕಾಗಿಲ್ಲ. ನಾನು ಹೋಗುವುದು ಸ್ಯಾನ್ ಆಂಜೆಲೊ ಕಡೆಯ ಒಂದು ಕುರಿ ರ‍್ಯಾಂಚ್‌ಗೆ. ಕುರಿಮರಿಗಳನ್ನು ಕಯೋಟಿ ಎತ್ತಿಕೊಂಡು ಹೋಗುತ್ತದೆ ಅಂತ ಯಜಮಾನರೇ ಕರೆಯುತ್ತಾರೆ. ಒಂದು ಕಡೆ ಕೂತು, ಗಾಯಗೊಂಡ ಮೊಲ ಅರಚುವ ಸದ್ದನ್ನು ಸ್ಪೀಕರ್‌ನಲ್ಲಿ ಹಾಕಿ, ಕಾಲು ಗಂಟೆ ಇಪ್ಪತ್ತು ನಿಮಿಷ ಕಾಯಬೇಕು. ಏನೂ ಬರಲಿಲ್ಲ ಅಂದರೆ ಎಲ್ಲ ಎತ್ತಿಕೊಂಡು ಮುಂದಿನ ದಿಬ್ಬಕ್ಕೆ. ದಿನವಿಡೀ ಇದೇ. ಟ್ರೈಪಾಡ್, ಸ್ಪೀಕರ್, ಕೂರುವ ಮೆತ್ತೆ, ನೀರು, ಅದರ ಮೇಲೆ ರೈಫಲ್. ನನ್ನ ಹಳೇ ದಪ್ಪ ಬ್ಯಾರೆಲ್ ಮಧ್ಯಾಹ್ನದ ಹೊತ್ತಿಗೆ ಹೆಗಲು ಕಿತ್ತು ಹಾಕುತ್ತಿತ್ತು. ತೆಳು ಬ್ಯಾರೆಲ್ ಬೇಗ ಕಾದು ಬಿಸಿಯಾಗುತ್ತದೆ, ಕಾದರೆ ಗುರಿ ಚದುರುತ್ತದೆ, ನಿಜ. ಆದರೆ ಕಯೋಟಿಗೆ ಒಂದು ಗುಂಡು, ಹೆಚ್ಚೆಂದರೆ ಎರಡು ಮೂರು. ಕಾಯುವಷ್ಟು ಯಾರು ಹೊಡೆಯುತ್ತಾರೆ?

ನನ್ನದು .22-250 ಅನ್ನುವ ತೋಟೆ ಹಾಕುವ ಬೋಲ್ಟ್ ರೈಫಲ್. ಇದರಲ್ಲಿ ಟ್ವಿಸ್ಟ್ ಅನ್ನುವುದೇ ಮುಖ್ಯ. ಗುಂಡನ್ನು ತಿರುಗಿಸುವ, ಬ್ಯಾರೆಲ್ ಒಳಗಿನ ಸುರುಳಿ ಗೀರು ಎಷ್ಟು ಇಂಚಿಗೆ ಒಂದು ಪೂರ್ತಿ ಸುತ್ತು ಬರುತ್ತದೆ ಅನ್ನುವ ಲೆಕ್ಕ. 1965ರಲ್ಲಿ ರೆಮಿಂಗ್ಟನ್ ಕಂಪನಿ .22-250 ತೋಟೆಯನ್ನು ಕಾರ್ಖಾನೆ ಸರಕಾಗಿ ತಂದಾಗಿನಿಂದ 14 ಇಂಚಿಗೆ ಒಂದು ಸುತ್ತು ಅನ್ನುವುದೇ ರೂಢಿ. 55 ಗ್ರೇನ್‌ವರೆಗಿನ ಸಣ್ಣ ಗುಂಡಿಗೆ ಅದು ಸಾಕು (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ). ಆದರೆ ಪಶ್ಚಿಮ ಟೆಕ್ಸಾಸ್ ಗಾಳಿಯಲ್ಲಿ ಆ ಗುಂಡು ಪಕ್ಕಕ್ಕೆ ಹಾರಿಹೋಗುತ್ತದೆ. ನನಗೆ ಬೇಕಿದ್ದದ್ದು 75 ಗ್ರೇನ್‌ನ ಉದ್ದ ಗುಂಡು. ಉದ್ದ ಗುಂಡು ನೆಟ್ಟಗೆ ಹೋಗಬೇಕಾದರೆ ಇನ್ನೂ ಜೋರಾಗಿ ತಿರುಗಬೇಕು, ಅಂದರೆ 8 ಇಂಚಿಗೆ ಒಂದು ಸುತ್ತು. ಫೋನ್‌ನಲ್ಲಿ ಅಂಗಡಿಯವನಿಗೆ ಎರಡೆರಡು ಸಲ ಹೇಳಿದೆ. ಈಮೇಲ್‌ನಲ್ಲೂ ಬರೆದೆ. "ಎಂಟೇ ಕಳಿಸುತ್ತೇನೆ, ತಲೆ ಕೆಡಿಸಿಕೊಳ್ಳಬೇಡಿ" ಅಂದ.

ಮೊದಲ ತಕರಾರು ಶುರುವಾಗಿದ್ದು ತೂಕದಿಂದ. ತನ್ನ ಪಟ್ಟಿಯಲ್ಲಿ 2 ಪೌಂಡ್ 4 ಔನ್ಸ್ ಅಂತ ಹಾಕಿದ್ದ. ಪೆಟ್ಟಿಗೆ ಬಿಚ್ಚಿ ತೂಗಿದರೆ 3 ಪೌಂಡ್ 1 ಔನ್ಸ್! ಕೇಳಿದ್ದಕ್ಕೆ, "ಅದು 16 ಇಂಚಿನ ಬ್ಯಾರೆಲ್ ತೂಕ, ನೀವು ತಗೊಂಡಿದ್ದು 22 ಇಂಚು." 22 ಇಂಚಿನ ಬ್ಯಾರೆಲ್ ಫೋಟೋ ಕೆಳಗೆ 16 ಇಂಚಿನ ತೂಕ ಹಾಕುವುದು ಯಾವ ನ್ಯಾಯ? ವಾಪಸ್ ಕಳಿಸುತ್ತೇನೆ ಅಂದರೆ ಶೇಕಡಾ 20 ಕಡಿತ, ಸಾಗಣೆ ಖರ್ಚು ನನ್ನದೇ. ಹಾಳಾಗಿ ಹೋಗಲಿ, ಟ್ವಿಸ್ಟ್ ಸರಿ ಇದ್ದರೆ ಸಾಕು ಅಂತ ಇಟ್ಟುಕೊಂಡೆ. ಬ್ಯಾರೆಲ್ ಮೇಲೇ ಕೆತ್ತಿತ್ತಲ್ಲ, ".22-250, 1-8" ಅಂತ. ಕೆತ್ತನೆ ಕಣ್ಣಿಗೆ ಕಾಣುತ್ತಿತ್ತು. ಕೈಯಿಂದ ಸವರಿ ನೋಡಿದ್ದೆ.

ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಬ್ಯಾರೆಲ್ ಕೂರಿಸಿಕೊಂಡು, ರ‍್ಯಾಂಚ್‌ಗೆ ಹೋಗಿ, 100 ಗಜಕ್ಕೆ ಪೇಪರ್ ಕಟ್ಟಿದೆವು. ಯಜಮಾನರು, ಅವರ ಮಗ, ನನ್ನ ಜೊತೆ ಬಂದಿದ್ದ ಇಬ್ಬರು ಗೆಳೆಯರು, ಎಲ್ಲ ಹಿಂದೆ ನಿಂತಿದ್ದಾರೆ. ಮೊದಲ ಗುಂಡು ಪೇಪರ್‌ಗೇ ತಾಗಲಿಲ್ಲ. ಎರಡನೆಯದು ತಾಗಿತು. ಯಜಮಾನರು ಸ್ಪಾಟಿಂಗ್ ಸ್ಕೋಪ್‌ನಲ್ಲಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, "ನಿನ್ನ ಗುಂಡು ಅಡ್ಡ ಬರುತ್ತಿದೆ ಕಣಪ್ಪ."

ಹತ್ತಿರ ಹೋಗಿ ನೋಡಿದೆ. ಪೇಪರ್‌ನಲ್ಲಿ ದುಂಡು ತೂತಿಲ್ಲ. ಗುಂಡನ್ನು ಮಲಗಿಸಿ ಒತ್ತಿದ ಹಾಗೆ ಉದ್ದಕ್ಕೆ ಸೀಳಿತ್ತು. ಒಂದು ತುದಿ ಚೂಪು, ಇನ್ನೊಂದು ತುದಿ ಮೊಂಡು. ಪೂರ್ತಿ ಗುಂಡಿನ ಆಕಾರ. ಮತ್ತೆ ಹೊಡೆದರೂ ಅದೇ, ಗೇಣು ದೂರದಲ್ಲಿ, ಇನ್ನೊಂದು ದಿಕ್ಕಿಗೆ ಮಲಗಿಕೊಂಡು. ಕೊಡಗಿನ ವಿರಾಜಪೇಟೆ ಕಡೆಯ ಮನೆಯಲ್ಲಿ, ನಮ್ಮ ಆಯುಧ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ ಬೆಳೆದವನು ನಾನು. ಇಂಥ ತೂತು ಯಾವತ್ತೂ ನೋಡಿರಲಿಲ್ಲ. ಅಷ್ಟು ಜನರ ಮುಂದೆ ಮುಖ ಎಲ್ಲಿಟ್ಟುಕೊಳ್ಳಬೇಕೋ ಗೊತ್ತಾಗಲಿಲ್ಲ.

ಅಲ್ಲಿಂದಲೇ ಅಂಗಡಿಯವನಿಗೆ ಫೋಟೋ ಕಳಿಸಿದೆ. ಈಗ ಉತ್ತರಗಳು ನೋಡಿ.

ಮೊದಲು: "ಕಾರ್ಬನ್ ಬ್ಯಾರೆಲ್ ಪಳಗಬೇಕು. ಒಂದು ನೂರು ಗುಂಡು ಹೊಡೆಯಿರಿ, ಸರಿಹೋಗುತ್ತದೆ." ಗುಂಡು ಮಲಗಿಕೊಂಡು ಹೋಗುವುದಕ್ಕೂ ಪಳಗುವುದಕ್ಕೂ ಏನು ಸಂಬಂಧ?

ಆಮೇಲೆ: "ನಿಮ್ಮ ಗುಂಡು ಸರಿ ಇಲ್ಲ, ಬೇರೆ ಬ್ರ್ಯಾಂಡ್ ನೋಡಿ." ನೋಡಿದೆ. ಅದೂ ಅಡ್ಡ.

ಆಮೇಲೆ ಬಂದದ್ದು: "ಹೊಸಬರಿಗೆ ಮೊದಮೊದಲು ಹೀಗೆ ಅನ್ನಿಸುತ್ತದೆ." ಹೊಸಬರಿಗಂತೆ! ಈ ಮಾತು ನಾನು ಯಾವತ್ತೂ ಮರೆಯುವುದಿಲ್ಲ. ನನ್ನ ಹೆಸರು ನೋಡಿ, ನನ್ನ ಇಂಗ್ಲಿಷ್ ಕೇಳಿ, ಇವನಿಗೆ ಏನು ಗೊತ್ತು ಅಂದುಕೊಂಡ. ಅಷ್ಟೇ.

ಗನ್‌ಸ್ಮಿತ್ ಹತ್ತಿರ ವಾಪಸ್ ತಗೊಂಡು ಹೋದೆ. ವಯಸ್ಸಾದ ಮನುಷ್ಯ, ಮಾತು ಕಮ್ಮಿ. ಹಿಡಿ ಸಲೀಸಾಗಿ ತಿರುಗುವ ಕ್ಲೀನಿಂಗ್ ರಾಡ್ ತೆಗೆದು, ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ, ಬ್ಯಾರೆಲ್ ಒಳಗೆ ಸ್ವಲ್ಪ ದೂರ ತಳ್ಳಿದರು. ರಾಡ್‌ಗೆ ಒಂದು ಚೂರು ಟೇಪ್ ಬಾವುಟದ ಹಾಗೆ ನೆಟ್ಟಗೆ ಅಂಟಿಸಿದರು. ಇನ್ನು ಮೆಲ್ಲಗೆ ತಳ್ಳಿದರೆ ಗೀರಿನ ಜೊತೆ ರಾಡ್ ತಿರುಗುತ್ತದೆ, ಟೇಪೂ ತಿರುಗುತ್ತದೆ. ಎಂಟು ಇಂಚು ಒಳಗೆ ಹೋಯಿತು. ಟೇಪ್ ಅರ್ಧ ಸುತ್ತು ದಾಟಿ ಕೆಳಗಡೆ ನೇತಾಡುತ್ತಿತ್ತು. ಹತ್ತು ಇಂಚು. ಹನ್ನೆರಡು. ಟೇಪ್ ಮತ್ತೆ ಮೇಲಕ್ಕೆ ಬಂದು ನೆಟ್ಟಗೆ ನಿಂತಾಗ ಅಳತೆಪಟ್ಟಿ ಇಟ್ಟರು. 14 ಇಂಚು. ಮೇಲೆ ಕೆತ್ತಿರುವುದು 8. ಒಳಗೆ ಇರುವುದು 14. ಇನ್ನೊಂದು ಸಲ ಮಾಡಿಸಿ ವಿಡಿಯೋ ತೆಗೆದುಕೊಂಡೆ. ಅದೇ 14.

ಮಾಮೂಲಿ ಬ್ಯಾರೆಲ್‌ಗೆ ಕಾರ್ಬನ್ ಹೊದಿಸಿ, ಮೇಲೆ ಸುಳ್ಳು ನಂಬರ್ ಕೆತ್ತಿ ಮಾರಿದ್ದಾನೆ. ವಿಡಿಯೋ ಕಳಿಸಿದ ಮೇಲೆ ಸ್ವರ ಬದಲಾಯಿತು. "ಕೆತ್ತನೆ ಬೇರೆ ಕಡೆ ಮಾಡಿಸುತ್ತೇವೆ, ಅದಲು ಬದಲಾಗಿರಬಹುದು. ಆದರೆ ನೀವು ಗುಂಡು ಹಾರಿಸಿಬಿಟ್ಟಿದ್ದೀರಿ. ಹಾರಿಸಿದ ಬ್ಯಾರೆಲ್ ವಾಪಸ್ ತಗೊಳ್ಳುವುದಿಲ್ಲ." ಹಾರಿಸದೆ ಗೊತ್ತಾಗುವುದು ಹೇಗೆ ಸ್ವಾಮಿ? "ಕಯೋಟಿಗೆ 55 ಗ್ರೇನ್ ಸಾಕಲ್ಲ, ಅದನ್ನೇ ಹೊಡೆಯಿರಿ" ಅಂತ ಬೇರೆ ಉಪದೇಶ. 55 ಗ್ರೇನ್ ಹೊಡೆಯುವುದಾದರೆ ನನ್ನ ಹಳೇ ಬ್ಯಾರೆಲ್ ಇತ್ತಲ್ಲ! 780 ಡಾಲರ್ ಯಾಕೆ ಕೊಟ್ಟೆ? ಕೊನೆಗೆ, ಮುಂದಿನ ಖರೀದಿಗೆ ಶೇಕಡಾ 10 ರಿಯಾಯಿತಿ ಕೂಪನ್. ಅವನ ಹತ್ತಿರ ಮುಂದಿನ ಖರೀದಿ!

ಒಂದು ವಿಷಯ ತಿಳಿದಿರಲಿ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಬರೀ ಬ್ಯಾರೆಲ್ ಬಂದೂಕು ಅಲ್ಲ. ಅದಕ್ಕೇ ಹೆಚ್ಚಿನ ಕಡೆ ನೇರ ಮನೆ ಬಾಗಿಲಿಗೆ ಕಳಿಸುತ್ತಾರೆ, ನಡುವೆ ಲೈಸೆನ್ಸ್ ಇರುವ ಡೀಲರ್ ಇರುವುದಿಲ್ಲ. ನೋಡುವವರು ನೀವೊಬ್ಬರೇ. ಗನ್‌ಸ್ಮಿತ್ ಕೂಡ ಕೂರಿಸುವಾಗ ಗೇಜ್ ಹಾಕಿ ಹೆಡ್‌ಸ್ಪೇಸ್ (ತೋಟೆ ಕೂರುವ ಜಾಗದ ಅಳತೆ) ನೋಡುತ್ತಾರೆ, ಟ್ವಿಸ್ಟ್ ಅಳೆಯುವ ವಾಡಿಕೆ ಇಲ್ಲ. ಹಾಗಾಗಿ ಪೆಟ್ಟಿಗೆ ಬಿಚ್ಚಿದ ದಿನವೇ ತೂಗಿ, ರಾಡ್ ಹಾಕಿ ಅಳೆಯಿರಿ, ವಿಡಿಯೋ ಇಟ್ಟುಕೊಳ್ಳಿ. ಆಮೇಲೆ ಕೂರಿಸಿ. ಕ್ರೆಡಿಟ್ ಕಾರ್ಡ್ ಬಿಟ್ಟು ಬೇರೆ ಯಾವುದರಲ್ಲೂ ದುಡ್ಡು ಕೊಡಬೇಡಿ. "ದುಡ್ಡು ನೇರ ಕಳಿಸಿದರೆ ಸ್ವಲ್ಪ ಕಮ್ಮಿ ಮಾಡುತ್ತೇನೆ" ಅಂತ ನನಗೂ ಹೇಳಿದ್ದ. ಯಾಕೆ ಅಂತ ಈಗ ಅರ್ಥವಾಗುತ್ತಿದೆ.

ಇನ್ನೂ ಒಂದು ಮಾತು. ಕಯೋಟಿಗೆ ಕಾರ್ಬನ್ನೇ ಬೇಕು ಅಂತೇನಿಲ್ಲ. ಒಳ್ಳೆ ಕಡೆಯ ತೆಳು ಸ್ಟೀಲ್ ಬ್ಯಾರೆಲ್ ಅದರ ಅರ್ಧ ಬೆಲೆಗೆ ಸಿಗುತ್ತದೆ, ಎರಡು ಮೂರು ಗುಂಡಿಗೆ ಧಾರಾಳ ಸಾಕು. ನಾನು ಈಗ ಅದನ್ನೇ ಆರ್ಡರ್ ಮಾಡಿದ್ದೇನೆ, ಬೇರೆಯವರ ಹತ್ತಿರ. ಕಾರ್ಡ್ ಬ್ಯಾಂಕಿಗೆ ಈಮೇಲ್, ಫೋಟೋ, ರಾಡ್ ವಿಡಿಯೋ ಎಲ್ಲ ಕೊಟ್ಟು ದೂರು ಹಾಕಿದ್ದೇನೆ. ಇನ್ನೂ ತೀರ್ಮಾನ ಬಂದಿಲ್ಲ. ಆ ಮನುಷ್ಯ ನಿನ್ನೆಯೂ ಬ್ಯಾಂಕಿಗೆ ಬರೆದಿದ್ದಾನೆ, "ಗ್ರಾಹಕರು ಸರಕು ಬಳಸಿದ್ದಾರೆ, ಸರಕು ಸರಿಯಾಗಿದೆ" ಅಂತ. ಅವನ ಪಟ್ಟಿಯಲ್ಲಿ ಅದೇ ಫೋಟೋ, ಅದೇ 2 ಪೌಂಡ್ 4 ಔನ್ಸ್ ಇವತ್ತಿಗೂ ಹಾಗೇ ಇದೆ.