ಕೆಂಪು ಗಿಂಡಿ ಮಿನುಗಿದರೆ ಮೊದಲು ಗೇಜ್ ಹಾಕಿಸಿ, ಸೆನ್ಸರ್ ಆಮೇಲೆ

ಮೀಟರಿನ ಆಯಿಲ್ ಪ್ರೆಷರ್ ದೀಪ ಮಿನುಗಿದಾಗ, ಪ್ರೆಷರ್ ಅಳೆಯುವ ಗೇಜ್ ಹಾಕಿ ನೋಡದಿದ್ದರೆ ಏನಾಗುತ್ತದೆ ಅಂತ, ಹಳೇ ಕಾರು ಇಟ್ಟುಕೊಂಡವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ನಾನು ಮಾಡಿದ ತಪ್ಪು ಒಂದಲ್ಲ, ನಾಲ್ಕು. ಅದರಲ್ಲಿ ಮೂರನ್ನು ಮಾಡುವಾಗ ನಾನೇ ಬುದ್ಧಿವಂತ ಅಂದುಕೊಂಡಿದ್ದೆ.

ನನ್ನದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು. 2,20,000 ಕಿ.ಮೀ. ದಾಟಿತ್ತು. ಓಡುವುದರಲ್ಲಿ ಏನೂ ತಕರಾರು ಇರಲಿಲ್ಲ. ಸರ್ವಿಸ್‌ಗೆ ಬಿಟ್ಟಾಗ ಗ್ಯಾರೇಜಿನವರು ಆಯಿಲ್ ಹಾಕುವ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಗ್ರೀಸ್ ತರಹ ಕಪ್ಪು ಕೆಸರು ಮೆತ್ತಿಕೊಂಡಿತ್ತು. "ಹಿಂದಿನ ಓನರ್ ಟೈಮಿಗೆ ಸರಿಯಾಗಿ ಆಯಿಲ್ ಬದಲಿಸಿಲ್ಲ ಸರ್, ಫ್ಲಶ್ ಹಾಕಿಬಿಡೋಣ, ಎಲ್ಲಾ ತೊಳೆದುಕೊಂಡು ಬರುತ್ತೆ" ಅಂದರು. ಫ್ಲಶ್ ಅಂದರೆ ಎಂಜಿನ್ ಒಳಗಿನ ಕೆಸರು ಕರಗಿಸುವ ದ್ರವ. ತೊಳೆದುಕೊಂಡು ಬರುತ್ತೆ, ನಿಜ. ಬಂದು ಎಲ್ಲಿ ಕೂರುತ್ತೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇದು ಮೊದಲನೇ ತಪ್ಪು.

ಮೂರು ವಾರ ಆಗಿರಬೇಕು. ಒಂದು ದಿನ ದೂರದಿಂದ ಬಂದು ಸಿಗ್ನಲ್‌ನಲ್ಲಿ ನಿಂತಿದ್ದೆ. ಮೀಟರಿನಲ್ಲಿ ಆ ಗಿಂಡಿ ಆಕಾರದ ಕೆಂಪು ದೀಪ ಮಿಣ ಮಿಣ ಅಂತು. ಆಕ್ಸಿಲರೇಟರ್ ಸ್ವಲ್ಪ ಒತ್ತಿದೆ, ಆರಿತು. ಬಿಟ್ಟೆ, ಮತ್ತೆ ಮಿಣ ಮಿಣ. ಮನೆಗೆ ಬಂದು ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆಗೇ ಇದೆ. ಉಸ್ಸಪ್ಪಾ ಅಂತ ಒಳಗೆ ಹೋದೆ.

ಬಹಳ ಜನ ಎಡವುವುದು ಇಲ್ಲೇ. ಆ ದೀಪ ಆಯಿಲ್ ಎಷ್ಟಿದೆ ಅಂತ ಹೇಳುವುದಲ್ಲ, ಪ್ರೆಷರ್ ಇದೆಯಾ ಅಂತ ಹೇಳುವುದು. ಚೇಂಬರ್ (ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ತುಂಬಾ ಆಯಿಲ್ ಇದ್ದು ಅದು ಬೇರಿಂಗಿಗೆ ತಲುಪದೇ ಇರಬಹುದು. ಇನ್ನೊಂದು, ಆ ದೀಪ ಹತ್ತುವುದು ಪ್ರೆಷರ್ ಸ್ವಲ್ಪ ಕಡಿಮೆ ಆದಾಗ ಅಲ್ಲ, ಹೆಚ್ಚುಕಮ್ಮಿ ಮುಗಿದೇ ಹೋದಾಗ. ಬಹಳ ಕಾರುಗಳಲ್ಲಿ ಅದರ ಸ್ವಿಚ್ ಕೆಲಸ ಮಾಡುವುದು 5ರಿಂದ 7 ಪಿಎಸ್ಐ (ಪ್ರೆಷರ್ ಅಳೆಯುವ ಮಾನ) ಆಸುಪಾಸಿನಲ್ಲಿ. ಮೆಕ್ಯಾನಿಕ್‌ಗಳು ಬಾಯಿಲೆಕ್ಕಕ್ಕೆ ಹೇಳುವುದು, ಪ್ರತಿ 1000 ಆರ್‌ಪಿಎಂಗೆ 10 ಪಿಎಸ್ಐ ಇರಬೇಕು ಅಂತ. ಅಂದರೆ 3000ದಲ್ಲಿ 30 ಬೇಕಾದ ಕಡೆ 15 ಮಾತ್ರ ಇದ್ದರೂ ದೀಪ ತೆಪ್ಪಗಿರುತ್ತದೆ.

ಗ್ಯಾರೇಜಿಗೆ ಹೋದೆ. ಕಾರಿನ ಬಾನೆಟ್ ಕೂಡ ಎತ್ತಲಿಲ್ಲ, "ಸೆನ್ಸರ್ ಹೋಗಿದೆ ಸರ್, ಹಳೇ ಗಾಡಿಗಳಲ್ಲಿ ಇದು ಮಾಮೂಲು" ಅಂದರು. ಸೆನ್ಸರ್ ಅಂದರೆ ಅದೇ ಪ್ರೆಷರ್ ಸ್ವಿಚ್. ಸುಳ್ಳಲ್ಲ, ಸೆನ್ಸರ್ ಹೋಗುವುದು ಮಾಮೂಲೇ. ಅದರ ಕನೆಕ್ಟರ್ ಒಳಗೆ ಆಯಿಲ್ ಜಿನುಗುತ್ತದೆ, ವೈರಿನ ಪ್ಲಾಸ್ಟಿಕ್ ಸುಲಿದು ಬಾಡಿಗೆ ತಾಗುತ್ತದೆ. ಆದರೆ ನೋಡದೇ ಹೇಳಿದ್ದು, ನಾನು ಕೇಳದೇ ಒಪ್ಪಿದ್ದು, ಅದು ಎರಡನೇ ತಪ್ಪು. ಬದಲಿಸಿದರು. ಎರಡು ದಿನ ದೀಪ ಬರಲಿಲ್ಲ, ಯಾಕೆಂದರೆ ಆ ಎರಡು ದಿನ ನಾನು ಹತ್ತಿರದಲ್ಲೇ ಓಡಾಡಿದ್ದೆ, ಎಂಜಿನ್ ಸರಿಯಾಗಿ ಬಿಸಿಯೇ ಆಗಿರಲಿಲ್ಲ. ಮೂರನೇ ದಿನ ಮತ್ತೆ ಶುರು.

ಆಗ ಗೊತ್ತಿರುವವರೊಬ್ಬರು ಕೊಟ್ಟ ಐಡಿಯಾ: "ಹಳೇ ಎಂಜಿನ್ ಅಲ್ವಾ, ತೆಳು ಆಯಿಲ್ ಯಾಕೆ ಹಾಕ್ತೀಯ, ದಪ್ಪದ್ದು ಹಾಕು." 5ಡಬ್ಲ್ಯೂ-30 ತೆಗೆದು 20ಡಬ್ಲ್ಯೂ-50 ಹಾಕಿಸಿದೆ. ದೀಪ ಮಾಯ! ಎರಡು ತಿಂಗಳು ಕಾಣಲೇ ಇಲ್ಲ. ಸಿಕ್ಕವರಿಗೆಲ್ಲ ಈ ಉಪಾಯ ಹೇಳಿಕೊಂಡು ತಿರುಗಿದೆ. ಯಾರಾದರೂ ನನ್ನ ಮಾತು ಕೇಳಿ ಮಾಡಿದ್ದರೆ ದಯವಿಟ್ಟು ಇವತ್ತೇ ಚೆಕ್ ಮಾಡಿಸಿ.

ಆಯಿಲ್ ಪಂಪ್ ಪ್ರೆಷರ್ ಹುಟ್ಟಿಸುವುದಿಲ್ಲ, ಆಯಿಲನ್ನು ತಳ್ಳುತ್ತದೆ, ಅಷ್ಟೇ. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ಚಿಮ್ಮುತ್ತದಲ್ಲ, ಹಾಗೆ ಮುಂದೆ ತಡೆ ಇದ್ದಾಗ ಮಾತ್ರ ಪ್ರೆಷರ್. ಆ ತಡೆ ಅಂದರೆ ಕ್ರ್ಯಾಂಕಿಗೂ (ಪಿಸ್ಟನ್‌ಗಳು ತಿರುಗಿಸುವ ದಂಡ) ಅದನ್ನು ಹಿಡಿದಿರುವ ಬೇರಿಂಗಿಗೂ ನಡುವಿನ ಸಂದು. ಕೂದಲೆಳೆಗಿಂತ ತೆಳು, ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕ. ಲಕ್ಷಗಟ್ಟಲೆ ಕಿ.ಮೀ. ಓಡಿ ಸಂದು ದೊಡ್ಡದಾದರೆ ಆಯಿಲ್ ಸುಲಭವಾಗಿ ಸೋರಿ ಹೋಗುತ್ತದೆ, ಅದರಲ್ಲೂ ಬಿಸಿಯಾಗಿ ನೀರಾದಾಗ, ಪಂಪ್ ನಿಧಾನ ತಿರುಗುವ ಐಡ್ಲಿಂಗ್‌ನಲ್ಲಿ. ದಪ್ಪ ಆಯಿಲ್ ಅಷ್ಟು ಬೇಗ ಸೋರುವುದಿಲ್ಲ, ಹಾಗಾಗಿ ದೀಪ ಆರಿತು. ಆದರೆ ನನ್ನ ಕಾರಿನಲ್ಲಿ ಇನ್ನೊಂದು ರೋಗವೂ ಇತ್ತಲ್ಲ. ಫ್ಲಶ್ ತೊಳೆದ ಕೆಸರೆಲ್ಲ ಡ್ರೈನ್ ಬೋಲ್ಟಿನಿಂದ ಹೊರಗೆ ಬಂದಿರಲಿಲ್ಲ. ಚೇಂಬರಿಗೆ ಇಳಿದು, ಪಂಪ್ ಆಯಿಲ್ ಹೀರುವ ಸ್ಟ್ರೇನರ್ ಜಾಲರಿಗೆ ಅಂಟಿಕೊಳ್ಳುತ್ತಿತ್ತು. ಕಟ್ಟಿದ ಜಾಲರಿಯ ಮೂಲಕ ತೆಳು ಆಯಿಲ್ ಹೀರುವುದೇ ಕಷ್ಟ. ನಾನು ಹೋಗಿ ದಪ್ಪದ್ದು ಸುರಿದಿದ್ದೆ. ಇದು ಮೂರನೇ ತಪ್ಪು.

ಕೊನೆಯ ದಿನ ಹೈವೇಯಲ್ಲಿ ಹೋಗುತ್ತಿದ್ದೆ, 100ರ ಆಸುಪಾಸು ಸ್ಪೀಡು. ದೀಪ ಹತ್ತಿತು. ಮಿಣ ಮಿಣ ಅಲ್ಲ, ಸೀದಾ ಕೆಂಪಗೆ. ಆಶ್ಚರ್ಯ ಅಂದರೆ ಈ ಸಲ ಬಂದದ್ದು ಐಡ್ಲಿಂಗ್‌ನಲ್ಲಲ್ಲ, ಸ್ಪೀಡ್‌ನಲ್ಲಿ. ಪಕ್ಕಕ್ಕೆ ಹಾಕಿ ಆಫ್ ಮಾಡಿದೆ. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ದೀಪ ಇಲ್ಲ, ಸದ್ದಿಲ್ಲ, ಎಲ್ಲ ಸರಿ. ಮೋಸ ಹೋದದ್ದು ಇಲ್ಲಿ. ಎಂಜಿನ್ ನಿಂತಾಗ ಎಳೆತ ನಿಲ್ಲುತ್ತದೆ, ಜಾಲರಿಗೆ ಅಂಟಿದ ಕಸ ಕೆಳಗೆ ಉದುರುತ್ತದೆ, ಸ್ವಲ್ಪ ಹೊತ್ತು ಪ್ರೆಷರ್ ಚೆನ್ನಾಗಿರುತ್ತದೆ, ಓಡಿಸಿದರೆ ಮತ್ತೆ ಹೋಗಿ ಅಂಟಿಕೊಳ್ಳುತ್ತದೆ. ನನಗೇನು ಗೊತ್ತು, ಮುಂದಿನ ಊರಿನವರೆಗೆ ಹೋಗಿಬಿಡೋಣ ಅಂದುಕೊಂಡೆ. ನಾಲ್ಕನೇ ತಪ್ಪು. 18 ಕಿ.ಮೀ. ಆದ ಮೇಲೆ ಕೆಳಗಿನಿಂದ ಸದ್ದು ಬಂತು. ಟ್ಯಾಪೆಟ್‌ನ ಟಿಕ್ ಟಿಕ್ ಅಲ್ಲ. ಯಾರೋ ಒಳಗೆ ಕೂತು ಸುತ್ತಿಗೆಯಲ್ಲಿ ಹೊಡೆದ ಹಾಗೆ ಟಕ್ ಟಕ್ ಟಕ್, ಆಕ್ಸಿಲರೇಟರ್ ಕೊಟ್ಟಷ್ಟೂ ಜೋರು. ಅಲ್ಲಿಂದ ಕಾರು ಲಾರಿ ಮೇಲೆ ಬಂತು.

ಬೇರೆ ಮೆಕ್ಯಾನಿಕ್ ಒಬ್ಬರು, ವಯಸ್ಸಾದವರು, ನನ್ನನ್ನು ಕರೆಸಿ ಎದುರಿಗೇ ಚೇಂಬರ್ ಇಳಿಸಿದರು. ಸ್ಟ್ರೇನರ್ ಕೈಗೆ ಕೊಟ್ಟರು. ಮುಕ್ಕಾಲು ಭಾಗ ಕಪ್ಪು ಮೇಣದಂಥದ್ದು ಕಟ್ಟಿತ್ತು. ಅದರ ಮೇಲೆ ಕಿತ್ತಳೆ ಬಣ್ಣದ ಎರಡು ಎಳೆ, ಶಾವಿಗೆ ಹಾಗೆ. ಯಾವತ್ತೋ ಯಾರೋ ಚೇಂಬರ್ ಕೂರಿಸುವಾಗ ಸಿಲಿಕಾನ್ ಧಾರಾಳವಾಗಿ ಹಚ್ಚಿದ್ದಾರೆ, ಬೋಲ್ಟ್ ಬಿಗಿಯುವಾಗ ಒಳಕ್ಕೆ ಉಕ್ಕಿದ್ದು ಒಣಗಿ ಕಿತ್ತು ಬಂದಿದೆ. ಮೂರನೇ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬೇರಿಂಗ್ ಬಿಚ್ಚಿದರೆ ಮೇಲಿನ ಬೂದು ಬಣ್ಣ ಸವೆದು ತಾಮ್ರ ಕಾಣುತ್ತಿತ್ತು. ಕ್ರ್ಯಾಂಕ್ ಮೇಲೆ ಉಗುರು ಎಳೆದರೆ ಗೀರಿಗೆ ಸಿಕ್ಕಿಕೊಳ್ಳುತ್ತಿತ್ತು. ಅವರು ಬೈಯಲಿಲ್ಲ. "ಗೇಜ್ ಹಾಕಿ ನೋಡಿರಲಿಲ್ವಾ?" ಅಂತ ಕೇಳಿದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಆ ಗೇಜ್ ಕೆಲಸ ಅರ್ಧ ಗಂಟೆಯದು. ಪ್ರೆಷರ್ ಸ್ವಿಚ್ ಬಿಚ್ಚಿ, ಅದೇ ತೂತಿಗೆ ಅಡಾಪ್ಟರ್ ಹಾಕಿ ಮೆಕ್ಯಾನಿಕಲ್ ಗೇಜ್ ಕೂರಿಸುತ್ತಾರೆ. ತಣ್ಣಗಿದ್ದಾಗ ಒಮ್ಮೆ ನೋಡಬೇಕು. ಆಮೇಲೆ ಚೆನ್ನಾಗಿ ಬಿಸಿ ಮಾಡಿ, ಐಡ್ಲಿಂಗ್‌ನಲ್ಲಿ, 2000ದಲ್ಲಿ, 3000ದಲ್ಲಿ ನೋಡಿ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಲೆಕ್ಕಕ್ಕೆ ಹೋಲಿಸಬೇಕು. ಗೇಜ್ ಸರಿ ತೋರಿಸಿಯೂ ದೀಪ ಹತ್ತಿದರೆ ಸ್ವಿಚ್ ಅಥವಾ ವೈರ್. (ಒಂದೇ ವೈರಿನ ಹಳೇ ಸ್ವಿಚ್ ಆದರೆ ವೈರ್ ಕಿತ್ತು ನೋಡಿ, ದೀಪ ಆರಬೇಕು. ಆರದಿದ್ದರೆ ವೈರ್ ಎಲ್ಲೋ ಬಾಡಿಗೆ ತಾಗಿದೆ.) ಬಿಸಿ ಐಡ್ಲಿಂಗ್‌ನಲ್ಲಿ ಮಾತ್ರ ಕಡಿಮೆ, ರೇಸ್ ಮಾಡಿದರೆ ಚೆನ್ನಾಗಿ ಏರುತ್ತದೆ ಅಂದರೆ ಬೇರಿಂಗ್ ಅಥವಾ ಪಂಪ್ ಸವೆತದ ಕಡೆ ಅನುಮಾನ. ರೇಸ್ ಮಾಡಿದಷ್ಟು ಏರದೆ ಮುಳ್ಳು ನಡುಗಿ ಕೆಳಗಿಳಿದರೆ ಸ್ಟ್ರೇನರ್ ನೋಡಿ, ಹೀರುವ ಪೈಪಿನ ಓ-ರಿಂಗ್ ಬಿರಿದು ಗಾಳಿ ಎಳೆಯುತ್ತಿರಲೂಬಹುದು. ತಣ್ಣಗಿದ್ದಾಗಲೂ ಎಲ್ಲ ಆರ್‌ಪಿಎಂನಲ್ಲೂ ಕಡಿಮೆ ಇದ್ದರೆ ಪಂಪ್, ಇಲ್ಲವೇ ತೆರೆದೇ ಸಿಕ್ಕಿಕೊಂಡ ರಿಲೀಫ್ ವಾಲ್ವ್ (ಪ್ರೆಷರ್ ಜಾಸ್ತಿಯಾದರೆ ಬಿಡುವ ಕವಾಟ).

ಅದಕ್ಕೂ ಮೊದಲು ಡಿಪ್‌ಸ್ಟಿಕ್ ಮೂಸಿ ನೋಡಿ. ಆಯಿಲ್ ಹಾಕದೇ ಮಟ್ಟ ಏರುತ್ತಿದ್ದು ಪೆಟ್ರೋಲ್ ವಾಸನೆ ಬಂದರೆ ಇಂಧನ ಸೇರಿ ಆಯಿಲ್ ತೆಳುವಾಗಿದೆ ಅಂತ. ಹಳೇ ಫಿಲ್ಟರನ್ನು ಕತ್ತರಿಸಿ ಒಳಗಿನ ಮಡಿಕೆ ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ಮಿಂಚು ಪುಡಿ ಇದ್ದು ಅಯಸ್ಕಾಂತಕ್ಕೆ ಅಂಟದಿದ್ದರೆ ಅದು ಬೇರಿಂಗಿನ ಲೋಹ ಇರಬಹುದು, ಆಗ ಕಾರು ಓಡಿಸಬೇಡಿ. ಓಡುವಾಗ ದೀಪ ಹತ್ತಿದರಂತೂ ಅಲ್ಲೇ ಆಫ್ ಮಾಡಿ ಎಳೆಸಿಕೊಂಡು ಹೋಗಿ, ಆರಿತಲ್ಲಾ ಅಂತ ಮತ್ತೆ ಸ್ಟಾರ್ಟ್ ಮಾಡಬೇಡಿ. ಕೆಸರು ಕಟ್ಟಿದ ಎಂಜಿನ್‌ಗೆ ಫ್ಲಶ್ ಹಾಕಲೇಬೇಕು ಅನ್ನುವವರಿದ್ದರೆ ಚೇಂಬರ್ ಇಳಿಸಿ ಸ್ಟ್ರೇನರ್ ತೊಳೆಯುತ್ತೀರಾ ಅಂತ ಕೇಳಿ. ಇಲ್ಲ ಅಂದರೆ ಫ್ಲಶ್ ಬೇಡ. ಒಳ್ಳೇ ಆಯಿಲ್ ಹಾಕಿ ಬೇಗ ಬೇಗ ಬದಲಿಸುತ್ತಾ ಹೋಗುವುದೇ ವಾಸಿ.

ನನ್ನ ಕ್ರ್ಯಾಂಕನ್ನು ಗ್ರೈಂಡ್ ಮಾಡಿಸಿ 0.25 ಮಿ.ಮೀ. ಅಂಡರ್‌ಸೈಜ್ ಬೇರಿಂಗ್ (ಸಣ್ಣದಾದ ಕ್ರ್ಯಾಂಕಿಗೆ ಹೊಂದುವಂಥದ್ದು) ಹಾಕಿದರು, ಹೊಸ ಪಂಪ್ ಕೂಡ. ಖರ್ಚು ಕೇಳಬೇಡಿ, ಮೂಗಿಗಿಂತ ಮೂಗುತಿ ಭಾರ. ಡ್ಯಾಶ್‌ಬೋರ್ಡ್ ಕೆಳಗೆ ಒಂದು ಗೇಜ್ ಕಾಯಂ ಹಾಕಿಸಿಕೊಂಡಿದ್ದೇನೆ. ಬಿಸಿ ಐಡ್ಲಿಂಗ್‌ನಲ್ಲಿ 18, 3000ದಲ್ಲಿ 46. ಮೊನ್ನೆ 500 ಕಿ.ಮೀ.ಗೆ ಆಯಿಲ್ ಬದಲಿಸಿ ಫಿಲ್ಟರ್ ಕತ್ತರಿಸಿದೆ. ಒಂದೆರಡು ಮಿಂಚು ಕಂಡವು. ಹೊಸ ಬೇರಿಂಗ್ ಕೂರುವಾಗ ಅಷ್ಟು ಇರುತ್ತೆ ಅಂದರು ಮೆಕ್ಯಾನಿಕ್. ಸರಿ ಅಂದೆ, ಆದರೂ 1000ಕ್ಕೆ ಇನ್ನೊಂದು ಫಿಲ್ಟರ್ ಈಗಲೇ ತಂದಿಟ್ಟಿದ್ದೇನೆ.