ಪತ್ತೇದಾರ ಸಾಕಾದಾಗ: ಮೂರು ದಾರಿ ನೋಡಿದ ಮೇಲೆ

ಕೊಲೆಗಾರ ಯಾರು ಅಂತ ಅರ್ಧ ಪುಸ್ತಕದಲ್ಲೇ ಗೊತ್ತಾದರೂ ನನಗೆ ಬೇಜಾರಿಲ್ಲ. ಪತ್ತೇದಾರ ಮುಂದೆ ಏನು ಹೇಳುತ್ತಾನೆ ಅಂತ ಗೊತ್ತಾಗತೊಡಗಿದರೆ ಮಾತ್ರ ಓದು ಅಲ್ಲಿಗೇ ನಿಲ್ಲುತ್ತದೆ. ಇಂಗ್ಲಿಷ್ ಲೇಖಕಿ ಅಗಾಥಾ ಕ್ರಿಸ್ಟಿಯ ಪತ್ತೇದಾರ ಪೊಯ್ರೊ ವಿಷಯದಲ್ಲಿ ಹಾಗೇ ಆಯಿತು. ಅದೇ ಮೀಸೆ, ತನ್ನ ತಲೆಯ ಬಗ್ಗೆ ಅದೇ ಹೆಮ್ಮೆ, ಕೊನೆಗೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಒಬ್ಬೊಬ್ಬರ ಗುಟ್ಟು ಬಿಚ್ಚುವುದು. 33 ಕಾದಂಬರಿ, ಸಣ್ಣ ಕಥೆಗಳು ಬೇರೆ. 1920ರ ಮೊದಲ ಪುಸ್ತಕದಲ್ಲೇ ಅವನು ನಿವೃತ್ತ ಪೊಲೀಸ್. 1975ರ ತನಕ ನಡೆಯಿತು ಸರಣಿ. ಬರೆದವರಿಗೇ ಅವನು ಸಾಕಾಗಿದ್ದ, ಓದುವವರ ಮಾತೇನು?

ಮೊದಲು ಸುಮ್ನೆ ಬಿಟ್ಟು ನೋಡಿದೆ. ಬಾಗಲಕೋಟೆಯ ಬೇಸಿಗೆಯಲ್ಲಿ ಮಧ್ಯಾಹ್ನ ನವನಗರದ ರಸ್ತೆಗೆ ಕಾಲಿಡಲು ಆಗುವುದಿಲ್ಲ, ಓದಲು ಬೇಕಾದಷ್ಟು ಹೊತ್ತು. ಆದರೂ ಪೊಯ್ರೊನನ್ನು ಮುಟ್ಟಲಿಲ್ಲ. ಮಳೆ ಶುರುವಾದ ಮೇಲೆ ತೆಗೆದರೆ ಒಂದಷ್ಟು ಪುಟ ಹೊಸದಾಗಿ ಕಂಡವು, ಆಮೇಲೆ ಮತ್ತೆ ಅದೇ ಕೋಣೆ, ಅದೇ ಕುರ್ಚಿಗಳು.

ಎರಡನೆಯದು, ಅದೇ ಲೇಖಕಿಯ ಪತ್ತೇದಾರನೇ ಇಲ್ಲದ ಪುಸ್ತಕ. 'ಆ್ಯಂಡ್ ದೆನ್ ದೇರ್ ವರ್ ನನ್', 1939ರದ್ದು. ದ್ವೀಪದಲ್ಲಿ ಹತ್ತು ಜನ, ಒಬ್ಬೊಬ್ಬರಾಗಿ ಸಾಯುತ್ತಾರೆ. ಒಂದೇ ಉಸಿರಿಗೆ ಓದಿಸಿತು. ಆದರೆ ಮುಗಿದ ಮೇಲೆ ಜೊತೆಗೆ ಯಾರೂ ಉಳಿಯಲಿಲ್ಲ. ಸರಣಿ ಓದುವವರಿಗೆ ಪರಿಚಯದ ಮುಖ ಒಂದು ಬೇಕೇ ಬೇಕು, ಅಲ್ವಾ?

ನನ್ನ ಮಟ್ಟಿಗೆ ಗೆದ್ದದ್ದು ಮೂರನೆಯದು: ಎಲ್ಲಿ ನಿಲ್ಲಬೇಕು ಅಂತ ಮೊದಲೇ ತೀರ್ಮಾನಿಸಿ ಬರೆದ ಸರಣಿ. ಸ್ವೀಡನ್ನಿನ ಮಾಯ್ ಷೋವಾಲ್ ಮತ್ತು ಪೇರ್ ವಾಲೊ 1965ರಿಂದ 1975ರ ನಡುವೆ ಮಾರ್ಟಿನ್ ಬೆಕ್ ಎಂಬ ಪೊಲೀಸ್ ಅಧಿಕಾರಿಯ ಮೇಲೆ ಹತ್ತೇ ಪುಸ್ತಕ ಬರೆದರು. ಒಂದು ಅಧ್ಯಾಯ ಇವರು, ಇನ್ನೊಂದು ಅವರು. ಮೊದಲನೆಯದರಲ್ಲಿ ಕಾಲುವೆಯ ಹೂಳು ಎತ್ತುವಾಗ ಹೆಣ್ಣಿನ ಶವ ಸಿಗುತ್ತದೆ. ಎಷ್ಟೋ ದಿನ ಅವಳ ಹೆಸರೂ ಗೊತ್ತಾಗುವುದಿಲ್ಲ. ಬೆಕ್‌ಗೆ ನೆಗಡಿ, ಹೊಟ್ಟೆ ಸರಿ ಇಲ್ಲ, ಹೆಂಡತಿ ಜೊತೆ ಮಾತು ಕಡಿಮೆ. ಚಮತ್ಕಾರ ಯಾವುದೂ ಇಲ್ಲ. ಪತ್ರ ಬರೆದು, ಉತ್ತರಕ್ಕೆ ಕಾಯುತ್ತಾನೆ. ಆ ಕಾಯುವುದೇ ನನ್ನನ್ನು ಹಿಡಿದಿಟ್ಟಿತು. ಪುಸ್ತಕದಿಂದ ಪುಸ್ತಕಕ್ಕೆ ಅವನ ಮನೆ, ಮದುವೆ, ಕೆಲಸ ಎಲ್ಲ ಬದಲಾಗುತ್ತವೆ.

ಒಂದು ತೊಂದರೆ: ಕ್ರಿಸ್ಟಿ ಹಳೆ ಪುಸ್ತಕದ ಅಂಗಡಿಯಲ್ಲೂ ಸಿಗುತ್ತಾರೆ, ಬೆಕ್‌ನ ಇಂಗ್ಲಿಷ್ ಅನುವಾದವನ್ನು ನಾನು ಆನ್‌ಲೈನಿನಲ್ಲೇ ತರಿಸಬೇಕಾಯಿತು. ತರಿಸುವವರು ಮೊದಲನೆಯದರಿಂದಲೇ ಶುರು ಮಾಡಿ. ನಾಲ್ಕನೆಯದು ಶುರುವಾಗುವುದೇ ಸ್ಟಾಕ್‌ಹೋಮಿನ ಬಸ್ಸೊಂದರಲ್ಲಿ ನಡೆದ ಗುಂಡಿನ ದಾಳಿಯಿಂದ. ಸತ್ತವರಲ್ಲಿ ಬೆಕ್‌ನ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಇದ್ದಾನೆ. ಹಿಂದಿನವನ್ನು ಓದದಿದ್ದರೆ ಅವನು ಬರೀ ಒಂದು ಹೆಸರು.