ಫಿನಾಲೆ ಮ್ಯಾಚ್ ಪೆಲೆಟ್: ಹೆಸರಿಗಿಂತ ಲಾಟ್ ನಂಬರು ನೋಡಿ ಕೊಳ್ಳಿ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಹೆಚ್ ಅಂಡ್ ಎನ್ ಕಂಪನಿಯ ಫಿನಾಲೆ ಮ್ಯಾಚ್ ರೈಫಲ್ ಪೆಲೆಟ್, ಅಂದರೆ ಏರ್ ರೈಫಲ್ಲಿಗೆ ಹಾಕುವ ಸೀಸದ ಪುಟ್ಟ ಗುಂಡು, ಒಳ್ಳೆಯದು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ನಿಮ್ಮ 60 ಶಾಟಿನ ಸ್ಕೋರು (ಶಾಟಿಗೆ ಹೆಚ್ಚೆಂದರೆ 10.9) 600 ದಾಟುತ್ತಿಲ್ಲ ಅಂದರೆ ಸದ್ಯಕ್ಕೆ ಆ ದುಡ್ಡು ಶೂಟಿಂಗ್ ಜಾಕೆಟ್ಟಿಗೋ ರೇಂಜ್ ಫೀಸಿಗೋ ಹೋಗಲಿ. ಯಾಕೆ ಅನ್ನುವುದಕ್ಕೆ ಲೆಕ್ಕ ಇದೆ, ಮುಂದೆ ಬರುತ್ತದೆ.

ನನ್ನದು ಸೆಕೆಂಡ್ ಹ್ಯಾಂಡ್ ವಾಲ್ಥರ್ ಎಲ್‌ಜಿ 400 ಏರ್ ರೈಫಲ್. ವಾರಾಂತ್ಯಕ್ಕೆ ಪುಣೆಯ ಬಾಲೇವಾಡಿ ರೇಂಜಿನ ಕಡೆ ಹೋಗಿ 10 ಮೀಟರ್ ಹೊಡೆಯುತ್ತೇನೆ. ಯೂಟ್ಯೂಬಿನಲ್ಲಿ ಅಮೆರಿಕದವರು ಮನೆಯ ಮೇಜಿನ ಮೇಲೆ ಮದ್ದು ತೂಗಿ, ತಾವೇ ತೋಟಾ ತುಂಬಿ, ರೇಂಜಿಗೆ ಒಯ್ದು ಪರೀಕ್ಷೆ ಮಾಡುವುದನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. .177 ಇಂಚು (4.5 ಮಿ.ಮೀ.) ಬೋರಿನ, 20 ಜೂಲ್ ಮೀರದ ಏರ್ ರೈಫಲ್ಲಿಗೆ ಮಾತ್ರ ಲೈಸೆನ್ಸ್ ಬೇಡ. ನಮ್ಮ ಮ್ಯಾಚ್ ರೈಫಲ್ಲುಗಳ ಶಕ್ತಿ 8 ಜೂಲಿನ ಆಸುಪಾಸು. ಹಾಗಾಗಿ ಮದ್ದು ತೂಗುವ ಚಪಲವನ್ನು ನಾವು ಪೆಲೆಟ್ ಆರಿಸುವುದರಲ್ಲಿ ತೀರಿಸಿಕೊಳ್ಳಬೇಕು.

ಫಿನಾಲೆ ಮ್ಯಾಚ್ ರೈಫಲ್ ಪೆಲೆಟ್ಟಿನ ತೂಕ 0.53 ಗ್ರಾಂ. ತಲೆ ಚಪ್ಪಟೆ, ಪೇಪರ್ ಟಾರ್ಗೆಟ್ಟಿನಲ್ಲಿ ಕತ್ತರಿಸಿದ ಹಾಗೆ ದುಂಡನೆಯ ತೂತು ಬೀಳುತ್ತದೆ. ತಲೆಯ ಅಳತೆ 4.49, 4.50, 4.51 ಮಿ.ಮೀ. ಹೀಗೆ ಬೇರೆಬೇರೆ ಸಿಗುತ್ತದೆ. ಮಿಲಿಮೀಟರಿನ ನೂರನೇ ಒಂದು ಭಾಗದಿಂದ ಏನಾದೀತು ಅನಿಸುತ್ತದೆ, ನನಗೂ ಅನಿಸಿತ್ತು. ಪರಿಚಯದ ಗನ್‌ಸ್ಮಿತ್ ಒಬ್ಬರು ರೈಫಲ್ಲನ್ನು ಸ್ಟಾಕಿನಿಂದ ಬಿಚ್ಚಿ, ಕ್ಲ್ಯಾಂಪಿಗೆ ಬಿಗಿದು ಹೊಡೆಸಿ ತೋರಿಸಿದರು. ಕ್ಲ್ಯಾಂಪಿಗೆ ಉಸಿರಿಲ್ಲ, ನಾಡಿಯಿಲ್ಲ, ಟ್ರಿಗರ್ ಎಳೆಯುವಾಗ ಗಾಬರಿಯಿಲ್ಲ. ಪೇಪರಿನ ಮೇಲೆ ಬಿದ್ದದ್ದೆಲ್ಲ ಬ್ಯಾರಲ್ ಮತ್ತು ಪೆಲೆಟ್ಟಿನದೇ. ಹತ್ತು ಶಾಟಿನ ತೂತುಗಳು ಸೇರಿ ಆದ ಒಂದೇ ತೂತಿನ ಹೊರ ಅಂಚಿನಿಂದ ಅಂಚಿಗೆ ಅಳೆದು 4.5 ಮಿ.ಮೀ. ಕಳೆದರೆ ಗ್ರೂಪಿನ ಅಳತೆ ಸಿಗುತ್ತದೆ. ನನ್ನ ಬ್ಯಾರಲ್ಲಿನಲ್ಲಿ 4.50 ಸುಮಾರು ಒಂದೂವರೆ ಮಿ.ಮೀ.ಗೆ ಕೂತಿತು, 4.49 ಅದರ ಇಮ್ಮಡಿ ಹರಡಿತು. ಪಕ್ಕದ ಲೇನಿನ ಹುಡುಗಿಯದೂ ಇದೇ ಮಾಡೆಲ್ ರೈಫಲ್, ಅವಳದರಲ್ಲಿ ಇದು ಉಲ್ಟಾ. ಇಂಟರ್‌ನೆಟ್ಟಿನಲ್ಲಿ ಯಾರೋ ‘ಇದೇ ಬೆಸ್ಟ್’ ಅಂದರೆ ಅದು ಅವರ ಬ್ಯಾರಲ್ಲಿನ ಮಾತು.

ಈಗ ಲೆಕ್ಕ. ಟಾರ್ಗೆಟ್ಟಿನ ಹತ್ತರ ಚುಕ್ಕಿ ಬರೀ 0.5 ಮಿ.ಮೀ. ಪೆಲೆಟ್ಟಿನ ಅಂಚು ಅದಕ್ಕೆ ತಾಗಿದರೂ ಸಾಕು, 10.0 ಸಿಗುತ್ತದೆ. ಅಂದರೆ ನಡುಬಿಂದುವಿನಿಂದ 2.5 ಮಿ.ಮೀ. ತನಕ ಹತ್ತು. ಅಲ್ಲಿಂದ ಒಳಕ್ಕೆ ಪ್ರತಿ 0.25 ಮಿ.ಮೀ.ಗೆ 0.1 ಏರುತ್ತಾ ಹೋಗಿ 10.9ಕ್ಕೆ ನಿಲ್ಲುತ್ತದೆ. ಒಂದೂವರೆ ಮಿ.ಮೀ. ಗ್ರೂಪು ಸರಿಯಾಗಿ ನಡುವೆ ಕೂತರೆ ಅತಿ ಕೆಟ್ಟ ಶಾಟ್ ಕೂಡ 10.7. ಮೂರು ಮಿ.ಮೀ. ಗ್ರೂಪಿನಲ್ಲಿ ಅತಿ ಕೆಟ್ಟದ್ದು 10.4. ಕ್ಲ್ಯಾಂಪಿನ ಮಟ್ಟಿಗೆ ಇದು ದೊಡ್ಡ ವ್ಯತ್ಯಾಸ.

ಆದರೆ ರೈಫಲ್ ಹಿಡಿಯುವವರು ನಾವು. ನನ್ನ ಕೈಯ ಹರಡಿಕೆ 10 ಮಿ.ಮೀ. ಅಂತಿಟ್ಟುಕೊಳ್ಳಿ. ಕೈಯದು, ಪೆಲೆಟ್ಟಿನದು ಈ ಎರಡು ಹರಡಿಕೆಗಳು ನೇರವಾಗಿ ಕೂಡುವುದಿಲ್ಲ, ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಬೇಕು. ಮೂರು ಮಿ.ಮೀ. ಗ್ರೂಪಿನ ಪೆಲೆಟ್ಟಿನಿಂದ ಒಟ್ಟು ಹರಡಿಕೆ 10.4 ಮಿ.ಮೀ., ಒಂದೂವರೆಯದರಿಂದ 10.1 ಮಿ.ಮೀ. ಕಣ್ಣಿಗೂ ಕಾಣದಷ್ಟು ಲಾಭ. ಅದೇ ಕೈ 4 ಮಿ.ಮೀ.ಗೆ ಪಳಗಿದೆ ಅನ್ನಿ: ಒಂದು 5 ಮಿ.ಮೀ., ಇನ್ನೊಂದು 4.3 ಮಿ.ಮೀ. ಆಗ ಪ್ರತಿ ಡಬ್ಬಿಗೂ ಬೆಲೆ ಬಂತು. ಪ್ಯಾರಿಸ್ 2024 ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ಲಿನಲ್ಲಿ ನಮ್ಮ ಅರ್ಜುನ್ ಬಬೂತಾ 630.1 ಹೊಡೆದು ಫೈನಲ್ ಸೇರಿದರು, 629.3 ಹೊಡೆದ ಸಂದೀಪ್ ಸಿಂಗ್ 12ನೇ ಸ್ಥಾನದಲ್ಲಿ ನಿಂತರು. 60 ಶಾಟಿಗೆ 0.8 ಪಾಯಿಂಟ್! ಆ ಮಟ್ಟದವರು ಲಾಟ್ ಟೆಸ್ಟ್, ಅಂದರೆ ಒಂದೇ ಸಲಕ್ಕೆ ತಯಾರಾದ ಪೆಲೆಟ್ಟಿನ ಕಂತನ್ನು ತಮ್ಮ ಬ್ಯಾರಲ್ಲಿನಲ್ಲಿ ಹೊಡೆಸಿ ನೋಡುವ ಪರೀಕ್ಷೆ, ಮಾಡಿಸದಿದ್ದರೇ ಆಶ್ಚರ್ಯ. ನನ್ನಂಥವರದು ಬರೀ ಶೋಕಿ. ನಡೆಯಲಿ, ಶೋಕಿಯೂ ಬೇಕು.

ತೂಕ ನೋಡಿ ವಿಂಗಡಿಸುವ ಕೆಲಸವನ್ನೂ ಮಾಡಿ ನೋಡಿದೆ. ಒಂದೊಂದೇ ಪೆಲೆಟ್ ಪುಟ್ಟ ತಕ್ಕಡಿಯ ಮೇಲಿಡುತ್ತಿದ್ದಾಗ ರೇಂಜಿನ ಸೋಲಾಪುರದ ಕಾಕಾ ಬೆನ್ನ ಹಿಂದೆ ಬಂದು ನಿಂತರು. "ತಮ್ಮಾ, ನೀ ಛರ್ರಾ ಹೊಡ್ಯಾಂವೋ, ಬಂಗಾರದ ಅಂಗಡಿ ಇಡಾಂವೋ?" ನಾನು, "ಕಾಕಾ, ಒಂದು ಪರ್ಸೆಂಟ್ ಫರಕ್ ಬರ್ತದ್ರಿ" ಅಂದೆ. "ಬರ್ಲಿ ಬಿಡೋ. ನಿನ್ನ ಮೊಣಕೈ ಎಷ್ಟ್ ಪರ್ಸೆಂಟ್ ಅಲ್ಲಾಡ್ತದ ಅದನ್ನ ಮೊದಲ ತೂಗು."

ಕಾಕಾ ಅಂದದ್ದನ್ನು ಭೌತಶಾಸ್ತ್ರವೂ ಒಪ್ಪುತ್ತದೆ. ಸೆಕೆಂಡಿಗೆ 170 ಮೀಟರ್ ಚಿಲ್ಲರೆ ವೇಗದಲ್ಲಿ ಪೆಲೆಟ್ 10 ಮೀಟರ್ ದಾಟುವಷ್ಟರಲ್ಲಿ ಸುಮಾರು 17 ಮಿ.ಮೀ. ಕೆಳಗಿಳಿಯುತ್ತದೆ. ತೂಕ ಒಂದು ಪರ್ಸೆಂಟ್ ಹೆಚ್ಚಾದರೆ ವೇಗ ಅರ್ಧ ಪರ್ಸೆಂಟಿನಷ್ಟು ತಗ್ಗುತ್ತದೆ. ಇಳಿತದಲ್ಲಿ ಅದರಿಂದಾಗುವ ಏರುಪೇರು 0.17 ಮಿ.ಮೀ., ಅಂದರೆ 0.1 ಪಾಯಿಂಟಿಗೂ ಕಡಿಮೆ. ತಕ್ಕಡಿ ಈಗ ಅಡುಗೆಮನೆಯಲ್ಲಿ ಕೇಸರಿ ತೂಗುತ್ತಿದೆ.

ತೂಕಕ್ಕಿಂತ ಕಣ್ಣಿನ ತಪಾಸಣೆ ಮುಖ್ಯ. ಪೆಲೆಟ್ಟಿನ ಹಿಂಭಾಗದ ಅಂಚು, ನಾವು ಸ್ಕರ್ಟ್ ಅನ್ನುವ ತೆಳು ಭಾಗ, ಸ್ವಲ್ಪ ಸೊಟ್ಟಗಾದರೂ ಗಾಳಿ ಒಂದು ಕಡೆಯಿಂದ ನುಗ್ಗಿ ಶಾಟ್ ದಾರಿ ತಪ್ಪುತ್ತದೆ. ಕೊರಿಯರಿನಲ್ಲಿ ಬಂದ ಒಂದು ಡಬ್ಬಿ ಮೂಲೆ ಜಜ್ಜಿ ಬಂದಿತ್ತು, ಒಳಗೆ ಕಾಲು ಭಾಗ ಅಭ್ಯಾಸಕ್ಕೂ ನಾಲಾಯಕ್ಕು. ಮಾರಿದವರು ಫೋನ್ ಎತ್ತಲಿಲ್ಲ. ಅಂದಿನಿಂದ ಅಂಗಡಿಗೆ ಹೋಗಿ, ಮುಚ್ಚಳ ತೆಗೆಸಿ ನೋಡಿಯೇ ಕೊಳ್ಳುತ್ತೇನೆ.

ಪುಣೆಯ ಮಳೆಗಾಲ ಸೀಸಕ್ಕೆ ಒಳ್ಳೆಯದಲ್ಲ. ಜುಲೈ ಬಂತೆಂದರೆ ಒಡೆದ ಡಬ್ಬಿಯಲ್ಲಿ ಪೆಲೆಟ್ಟಿನ ಹೊಳಪು ಹೋಗಿ ಬೂದು ಬಿಳಿ ಪುಡಿ ಕೂರುತ್ತದೆ. ಅದನ್ನು ಊದಬೇಡಿ, ಮೂಸಬೇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬಿಗಿ ಡಬ್ಬದಲ್ಲಿಡಿ, ಆ ವಾರಕ್ಕೆ ಬೇಕಾದಷ್ಟನ್ನೇ ಹೊರತೆಗೆಯಿರಿ. ಪುಡಿ ಇರಲಿ ಬಿಡಲಿ, ರೇಂಜಿನಿಂದ ಹೊರಬಂದು ವಡಾಪಾವಿಗೆ ಕೈ ಹಾಕುವ ಮೊದಲು ಸೋಪು ಹಚ್ಚಿ ತೊಳೆಯಬೇಕು. ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರು ಇದರ ಬಗ್ಗೆ ತೀರಾ ಉದಾಸೀನ ಮಾಡುತ್ತಾರೆ.

ಬೆಲೆ ಕಿರಿಕಿರಿಯೇ. ಸಾಮಾನ್ಯ ಅಭ್ಯಾಸದ ಪೆಲೆಟ್ಟಿಗಿಂತ ನನಗೆ ಎರಡು ಪಟ್ಟಿಗೂ ಮೇಲೆ ಬೀಳುತ್ತದೆ. ಹಾಗಾಗಿ ಹೋಲ್ಡಿಂಗ್, ಟ್ರಿಗರ್ ಅಭ್ಯಾಸಕ್ಕೆ ಅಗ್ಗದ್ದು, ಸ್ಪರ್ಧೆಗೂ ಅದರ ಹಿಂದಿನ ವಾರಕ್ಕೂ ಫಿನಾಲೆ. ಅಗ್ಗದ್ದರಿಂದ ಇದಕ್ಕೆ ಬದಲಾಯಿಸಿದಾಗ ಗುರಿ ನೋಡುವ ಸೈಟಿನಲ್ಲಿ ಕೆಲವು ಕ್ಲಿಕ್ ತಿರುಗಿಸಬೇಕಾಗುತ್ತದೆ, ಮೊದಲ ಕೆಲವು ಶಾಟಿನಲ್ಲಿ ಗ್ರೂಪು ಕೂರುವುದೂ ಇಲ್ಲ. ಸ್ಪರ್ಧೆಯ ಬೆಳಿಗ್ಗೆ ಹೊಸ ಡಬ್ಬಿ ಒಡೆಯುವುದು ಬೇಡ.

ಕೊಳ್ಳುವಾಗ ಒಂದೇ ಲಾಟಿನ ಡಬ್ಬಿಗಳನ್ನು ಒಟ್ಟಿಗೆ ಕೇಳಿ. ಮುಂದಿನ ಲಾಟು ಅಳತೆಯಲ್ಲಿ ಅದೇ ಆದರೂ ನಿಮ್ಮ ಬ್ಯಾರಲ್ಲಿಗೆ ಹೊಂದುತ್ತದೆ ಅನ್ನುವ ಖಾತ್ರಿಯಿಲ್ಲ, ಮತ್ತೆ ಕ್ಲ್ಯಾಂಪಿಗೆ ಹೋಗಬೇಕು. ನನ್ನ ಬಳಿ 4.49ರ ಒಡೆಯದ ಡಬ್ಬಿಗಳು ಉಳಿದಿವೆ. ಬಾಲೇವಾಡಿಗೆ ಬರುವವರಲ್ಲಿ ಯಾರ ಬ್ಯಾರಲ್ಲಿಗಾದರೂ ಅದು ಒಗ್ಗಿದರೆ 4.50 ಕೊಟ್ಟು ಬದಲಾಯಿಸಿಕೊಳ್ಳಿ.